ಉಡಿಗೆ ಹಾಕಿದ ಮಾತು

ಫುಲ್ಡಾ, ಜರ್ಮನಿ
14 ಜನವರಿ 2024

ಹೇಮಕ್ಕನಿಗೆ ಪಂಪಾವತಿಯ ನಮಸ್ಕಾರ.

ಕೈಯಲ್ಲಿ ಫೋನಿರುವಾಗ ಇವಳಿಗೆ ಕಾಗದ ಬರೆಯುವ ಹುಚ್ಚು ಎಲ್ಲಿಂದ ಹತ್ತಿತು ಎಂದು ನಗಬೇಡ. ಫೋನ್ ಮಾಡಿದರೆ ಭುವನಾ ನಡುವೆ ಬಂದು ಕೂರುತ್ತಾಳೆ. ಒಂಬತ್ತು ವರ್ಷದ ಹುಡುಗಿಯ ಮುಂದೆ ಅವಳದೇ ವಿಷಯ ಮಾತಾಡುವುದು ಹೇಗೆ? ಅವಳು ಆಡಲು ಹೋದಾಗ ಮಾಡಿದರೆ ನೀನು ಒಲೆಯ ಮೇಲೆ ಹಾಲಿದೆ ಎಂದು ಫೋನ್ ಇಟ್ಟುಬಿಡುತ್ತೀ. ನಿಮ್ಮ ಮನೆಯಲ್ಲಿ ದಿನಕ್ಕೆ ಎಷ್ಟು ಸಲ ಹಾಲು ಕಾಯುತ್ತದೆ ಅಕ್ಕಾ?

ವಿಷಯ ಇಷ್ಟೇ. ಆಸ್ಪತ್ರೆಯಲ್ಲಿ ನನ್ನ ಕೆಲಸ ಖಾಯಂ ಆಯಿತು. ನರ್ಸುಗಳ ಹಾಸ್ಟೆಲ್ ಬಿಟ್ಟು ಬಾಡಿಗೆ ಮನೆಗೆ ಬಂದಿದ್ದೇನೆ. ಎರಡು ಕೋಣೆ, ಒಂದು ಅಡುಗೆಮನೆ, ಕಿಟಕಿಯಿಂದ ನೋಡಿದರೆ ಮಕ್ಕಳ ಪಾರ್ಕು. ಇನ್ನು ಮಗಳನ್ನು ಕರೆಸಿಕೊಳ್ಳಲು ಇಲ್ಲಿಯ ಸರ್ಕಾರದ ಅಡ್ಡಿಯೇನೂ ಇಲ್ಲ. ಮೂರು ವರ್ಷ ನಾನು ಜರ್ಮನ್ ವ್ಯಾಕರಣವನ್ನು ಗಿಳಿಪಾಠ ಮಾಡಿದ್ದು, ಕಂಡವರ ಮನೆ ಮುದುಕರನ್ನು ಎತ್ತಿ ಮಲಗಿಸಿದ್ದು ಇದೊಂದಕ್ಕೇ. ಮೇ ತಿಂಗಳಲ್ಲಿ ಬರುತ್ತೇನೆ. ಅಷ್ಟರೊಳಗೆ ಅವಳ ಪಾಸ್‌ಪೋರ್ಟಿಗೆ ಬೇಕಾದ ಕಾಗದಪತ್ರ ನೀನು ಜೋಡಿಸಿಡು. ಅವಳಿಗೂ ಮೆಲ್ಲಗೆ ಹೇಳಿ ಸಿದ್ಧ ಮಾಡು. ನೀನು ಹೇಳಿದರೆ ಕೇಳುತ್ತಾಳೆ.

ಈ ಊರು ಅವಳಿಗೆ ಒಗ್ಗುತ್ತದೆ. ಇಲ್ಲಿಗೆ ಬಂದ ಹೊಸತರಲ್ಲಿ ರಸ್ತೆ ದಾಟಲು ನಿಂತಿದ್ದೆ, ಒಂದು ಕಾರು ನನಗಾಗಿ ನಿಂತಿತು. ನಾನೂ ನಿಂತೇ ಇದ್ದೆ. ಅವನು ಕೈಸನ್ನೆ ಮಾಡಿದ, ನಾನು ನೀನೇ ಹೋಗಪ್ಪ ಎಂದು ಸನ್ನೆ ಮಾಡಿದೆ. ಹೊಸಪೇಟೆ ಕಡೆಯವಳು ನಾನು, ನಿಂತ ಗಾಡಿಯನ್ನು ನಂಬುವುದು ಹೇಗೆ! ಈಗ ನಂಬುತ್ತೇನೆ. ಪ್ರತಿ ಸಲ ದಾಟುವಾಗಲೂ ಯಶವಂತನಗರದ ರಸ್ತೆ ನೆನಪಾಗುತ್ತದೆ. ಭುವನಾಳ ಅಪ್ಪನ ಬೈಕಿನ ಮುಂದೆ ಆ ಅದಿರಿನ ಲಾರಿಯೂ ಹೀಗೆ ಒಂದು ಗಳಿಗೆ ನಿಂತಿದ್ದರೆ ನಾನು ಈ ದೇಶ ನೋಡುತ್ತಲೇ ಇರಲಿಲ್ಲ. ನೋಡುವ ಆಸೆಯೂ ಇರಲಿಲ್ಲ.

ಭಾವನವರಿಗೆ ನಮಸ್ಕಾರ ಹೇಳು. ಹಾಲು ಇಳಿಸಿ ಉತ್ತರ ಬರಿ.

ನಿನ್ನ
ಪಂಪಾ


ಚಿತ್ತವಾಡ್ಗಿ, ಹೊಸಪೇಟೆ
6 ಫೆಬ್ರವರಿ 2024

ಪಂಪೀ,

ನಿನ್ನ ಕಾಗದ ಬಂತು. ತಂದುಕೊಟ್ಟ ಪೋಸ್ಟಿನ ಮೂಕಣ್ಣ ಹೋಗಲೇ ಇಲ್ಲ. ಈಗಿನ ಕಾಲದಲ್ಲಿ ಅಷ್ಟು ದೂರದಿಂದ ಕಾಗದ ಬರಬೇಕಾದರೆ ಒಂದೋ ಹುಟ್ಟಿರಬೇಕು, ಇಲ್ಲವೇ ಸತ್ತಿರಬೇಕು, ಯಾವುದು ಎಂದು ಕೇಳಿಕೊಂಡೇ ಹೋಗುತ್ತೇನೆ ಎಂದು ಕಟ್ಟೆಯ ಮೇಲೆ ಕೂತ. ಎರಡೂ ಅಲ್ಲ, ನನ್ನ ತಂಗಿಗೆ ರಸ್ತೆ ದಾಟಲು ಬಂತಂತೆ ಎಂದೆ.

ನಿನಗೆ ಮನೆ ಸಿಕ್ಕಿದ್ದು ಸಂತೋಷ. ನಿಜವಾಗಿಯೂ ಸಂತೋಷ. ಆದರೆ ಕಾರು ನಿಂತಿತು ಎಂದು ಕೂಸನ್ನು ಅಲ್ಲಿಗೆ ಒಯ್ಯಬೇಕೇನೇ? ಹೋದ ವಾರ ಭುವನಾ ನಮ್ಮ ಓಣಿಯ ಇಳಿಜಾರಿನಲ್ಲಿ ಸೈಕಲ್ಲಿನಿಂದ ಬಿದ್ದಳು. ನಾನು ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದೆ. ನನಗೆ ಸುದ್ದಿ ಮುಟ್ಟುವ ಹೊತ್ತಿಗೆ ಒಬ್ಬರು ಗಾಯ ತೊಳೆದಿದ್ದರು, ಒಬ್ಬರು ಅರಿಷಿಣ ಹಚ್ಚಿದ್ದರು, ಎದುರು ಮನೆಯ ಕೊಟ್ರಯ್ಯ ತಾತ ಸೈಕಲ್ಲಿಗೆ ಎರಡು ಬಡಿದು ಅದನ್ನು ಬೈಯುತ್ತಿದ್ದ. ನಿಮ್ಮಲ್ಲಿ ಬಿದ್ದರೆ ಯಾರು ಬರುತ್ತಾರೆ? ನಿನ್ನ ವಾರ್ಡಿನಲ್ಲಿದ್ದ ಒಬ್ಬ ಅಜ್ಜಿಯನ್ನು ನೋಡಲು ಕೊನೆಯ ತನಕ ಒಂದು ನರಪಿಳ್ಳೆಯೂ ಬರಲಿಲ್ಲ ಎಂದು ಅತ್ತವಳು ನೀನೇ. ಇಲ್ಲಿ ಒಬ್ಬ ರೋಗಿಗೆ ಹತ್ತು ಜನ. ರೋಗಿ ಬೇಕಾದರೆ ಆ ಗದ್ದಲಕ್ಕೇ ಸತ್ತಾನು, ಒಂಟಿಯಾಗಿ ಸಾಯುವುದಿಲ್ಲ.

ನೀರು ದಿನ ಬಿಟ್ಟು ದಿನ ಬರುತ್ತದೆ, ಒಪ್ಪಿದೆ. ಕರೆಂಟು ಹೋಗುತ್ತದೆ, ಒಪ್ಪಿದೆ. ಧೂಳು, ಲಾರಿ, ಹಂದಿ ಎಲ್ಲಾ ಒಪ್ಪಿದೆ. ಆದರೆ ಇಲ್ಲಿ ಸೂರ್ಯ ದಿನಾ ಬರುತ್ತಾನಮ್ಮ. ನಿಮ್ಮ ಸೂರ್ಯನಿಗೆ ವರ್ಷದಲ್ಲಿ ಆರು ತಿಂಗಳು ರಜೆ. ಕೂಸು ಎರಡು ಹೊತ್ತು ಬಿಸಿ ರೊಟ್ಟಿ ತಿನ್ನುತ್ತದೆ. ನಿಮ್ಮಲ್ಲಿ ಸಂಜೆ ತಣ್ಣನೆಯ ಬ್ರೆಡ್ಡಿಗೆ ಊಟ ಎಂದು ಹೆಸರು.

ಇನ್ನೊಂದು ಕೇಳುತ್ತೇನೆ. ನೀನು ನೈಟ್ ಡ್ಯೂಟಿಗೆ ಹೋದರೆ ಅವಳ ಹತ್ತಿರ ಯಾರು ಮಲಗುತ್ತಾರೆ? ಇದಕ್ಕೆ ಉತ್ತರ ಬರಿ.

ನಿನ್ನ ಭಾವ ಅಂಗಡಿಯಿಂದ ಬಂದರು. ಹಾಲಿಡಬೇಕು.

ನಿನ್ನ ಅಕ್ಕ
ಹೇಮಾವತಿ


ಫುಲ್ಡಾ
2 ಮಾರ್ಚ್ 2024

ಅಕ್ಕಾ,

ಉತ್ತರ ಬರಿ ಎಂದೆಯಲ್ಲ, ತಗೋ. ಮಗು ಬಂದ ಮೇಲೆ ನನಗೆ ಹಗಲು ಪಾಳಿ ಮಾತ್ರ. ಆಸ್ಪತ್ರೆಯವರು ಒಪ್ಪಿದ್ದಾರೆ. ಶಾಲೆ ಬಿಟ್ಟ ಮೇಲೆ ನಾನು ಬರುವ ತನಕ ಶಾಲೆಯವರೇ ಮಕ್ಕಳನ್ನು ನೋಡಿಕೊಳ್ಳುತ್ತಾರೆ. ನನ್ನ ಜೊತೆ ಕೆಲಸ ಮಾಡುವ ಕೇರಳದ ಲಿನ್ಸಿ ಪಕ್ಕದ ಬೀದಿಯಲ್ಲೇ ಇದ್ದಾಳೆ. ಈಗ ನೀನು ಉತ್ತರ ಕೊಡು. ನಿನ್ನ ಅಷ್ಟುದ್ದದ ಕಾಗದದಲ್ಲಿ ಪಾಸ್‌ಪೋರ್ಟಿನ ಸುದ್ದಿ ಎಲ್ಲಿ?

ಧೂಳು ಒಪ್ಪಿದೆ ಎಂದು ಒಂದೇ ಮಾತಿನಲ್ಲಿ ಮುಗಿಸಿದೆ. ಯಶವಂತನಗರದಲ್ಲಿ ಗಣಿಯ ದವಾಖಾನೆಯಲ್ಲಿ ಐದು ವರ್ಷ ಇದ್ದವಳು ನಾನು. ಒಣಗಲು ಹಾಕಿದ ಬಿಳಿ ಸೀರೆ ಸಂಜೆಗೆ ಕಾವಿಯಾಗುತ್ತಿತ್ತು. ಕೆಮ್ಮಿಕೊಂಡು ಬಂದವರ ಕರವಸ್ತ್ರದಲ್ಲೂ ಅದೇ ಬಣ್ಣ. ಭುವನಾಳಿಗೆ ಪ್ರತಿ ಚಳಿಗಾಲದಲ್ಲಿ ಎದೆ ಸುಯ್ಯೆನ್ನುತ್ತದೆ, ನೀನು ವೀಳ್ಯದೆಲೆಗೆ ಎಣ್ಣೆ ಸವರಿ ಕಾಯಿಸಿ ಇಡುತ್ತೀ. ನೀನು ಚೆನ್ನಾಗಿ ನೋಡಿಕೊಳ್ಳುತ್ತೀ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಗಾಳಿಯನ್ನು ನೀನೇನು ಮಾಡುತ್ತೀ?

ಇನ್ನೊಂದು ಮಾತು. ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಗಂಡ ಹೋದ ಮೇಲೆ ನಾನು ಹೊಸಪೇಟೆಯಲ್ಲಿ ಇರುವಾಗ ಯಾರ ಮನೆಯ ಸೀಮಂತಕ್ಕೆ ಹೋದರೂ ಕುಂಕುಮದ ತಟ್ಟೆ ನನ್ನ ತನಕ ಬಂದು, ನನ್ನನ್ನು ದಾಟಿ, ಪಕ್ಕದವಳಿಗೆ ಹೋಗುತ್ತಿತ್ತು. ಯಾರೂ ಕೆಟ್ಟವರಲ್ಲ. ಎಲ್ಲರೂ ನನ್ನ ಬಗ್ಗೆ ಅಯ್ಯೋ ಎನ್ನುವವರೇ. ಆ ಅಯ್ಯೋ ನನಗೆ ಸಾಕಾಗಿತ್ತು. ಇಲ್ಲಿ ಗಂಡ ಏನು ಮಾಡುತ್ತಾನೆ ಎಂದು ಮೂರು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ನಿಮ್ಮ ನಾಲ್ಕು ಮನೆಯವರು ಓಡಿ ಬರುತ್ತಾರೆ, ನಿಜ. ಬಂದವರು ನೋಡದೆ ಹೋಗುವುದಿಲ್ಲ, ನೋಡಿದ್ದನ್ನು ಆಡದೆ ಬಿಡುವುದಿಲ್ಲ. ನನ್ನ ಮಗಳು ಅಪ್ಪ ಇಲ್ಲದ ಹುಡುಗಿ ಎಂದು ಕರೆಸಿಕೊಂಡು ಬೆಳೆಯುವುದು ನನಗೆ ಬೇಡ.

ಬ್ರೆಡ್ಡಿನ ಮಾತು ನಿಜ. ಅದೊಂದನ್ನು ನಾನೂ ಕ್ಷಮಿಸಿಲ್ಲ.

ನಿನ್ನ
ಪಂಪಾ


ಚಿತ್ತವಾಡ್ಗಿ
29 ಮಾರ್ಚ್ 2024

ಪಂಪಾವತಿಗೆ,

ಗಾಳಿ, ನೀರು, ರಸ್ತೆ, ರೊಟ್ಟಿ ಎಂದು ಎಷ್ಟು ದಿನ ಸುತ್ತುವುದು? ನೇರ ಬರೆಯುತ್ತೇನೆ. ಪಾಸ್‌ಪೋರ್ಟಿನ ಕಾಗದ ನಾನು ಜೋಡಿಸಿಲ್ಲ. ಜೋಡಿಸುವುದೂ ಇಲ್ಲ.

ನೀನು ಹೊರಟ ದಿನ ಹೊಸಪೇಟೆ ಸ್ಟೇಷನ್ನಿನಲ್ಲಿ ಏನು ಹೇಳಿದೆ? ಗಾಡಿ ಬಂದಿತ್ತು. ನಿನ್ನ ಭಾವ ಸೂಟ್‌ಕೇಸು ಏರಿಸುತ್ತಿದ್ದರು. ಕೂಸು ನಿನ್ನ ಕೊರಳು ಬಿಡುತ್ತಿರಲಿಲ್ಲ. ನೀನು ಅದರ ಕೈ ಬಿಡಿಸಿ ನನ್ನ ಕಡೆ ಚಾಚಿ, "ಅಕ್ಕಾ, ಇಕಿನ್ನ ನಿನ್ನ ಉಡ್ಯಾಗ ಹಾಕೀನಿ" ಅಂದೆ. ನಾನು ಸೆರಗು ಒಡ್ಡಿದೆ. ಒಡ್ಡಿ ಇಸಿದುಕೊಂಡೆ. ನೀನು ಅದನ್ನು ನೋಡಿದೆ.

ಉಡಿಗೆ ಹಾಕುವುದೆಂದರೆ ಏನು ಎಂದು ಕಂಪ್ಲಿಯಲ್ಲಿ ಹುಟ್ಟಿದ ನಿನಗೆ ನಾನು ಹೇಳಿಕೊಡಬೇಕೇ? ಕೂಸನ್ನು ಉಡಿಗೆ ಹಾಕಿದರೆ ಕೊಟ್ಟಂತೆ. ನಮ್ಮ ದೊಡ್ಡಪ್ಪನ ಮಗನನ್ನು ಸಂಡೂರಿನವರ ಉಡಿಗೆ ಹಾಕಿದ ಮೇಲೆ ಅವನು ಸಂಡೂರಿನವನೇ ಆದ, ಕಂಪ್ಲಿಯ ಕಡೆ ಯಾರೂ ಅವನನ್ನು ಕೇಳಲಿಲ್ಲ. ಹನ್ನೊಂದು ವರ್ಷ ನನ್ನ ಹೊಟ್ಟೆಯಲ್ಲಿ ಒಂದು ಕೂಸು ನಿಲ್ಲಲಿಲ್ಲ. ಹಂಪಿಯಲ್ಲಿ ವಿರೂಪಾಕ್ಷನಿಗೆ ಎಷ್ಟು ಸುತ್ತು ಹಾಕಿದ್ದೇನೆ ಎಂಬುದು ನಿನಗೆ ಗೊತ್ತು. ಸ್ವಂತ ತಂಗಿ ಉಡಿಗೆ ಹಾಕಿದಳು ಎಂದು ಮಾರನೆಯ ದಿನ ಹೋಗಿ ಕಾಯಿ ಒಡೆಸಿ ಬಂದೆ. ಓಣಿಗೆಲ್ಲಾ ಪೇಢೆ ಹಂಚಿದೆ. ಅಂದಿನಿಂದ ಅವಳನ್ನು ಅಪ್ಪ ಇಲ್ಲದ ಹುಡುಗಿ ಎಂದು ಇಲ್ಲಿ ಯಾರೂ ಕರೆದಿಲ್ಲ. ಹೇಮಾವತಿ ಟೀಚರ ಮಗಳು ಎಂದೇ ಕರೆಯುತ್ತಾರೆ.

ಕೊಟ್ಟದ್ದನ್ನು ತಿರುಗಿ ಕೇಳಬೇಡ.

ಹೇಮಾವತಿ


ಫುಲ್ಡಾ
20 ಏಪ್ರಿಲ್ 2024

ಅಕ್ಕಾ,

ನಿನ್ನ ಕಾಗದ ಓದಿ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತುಬಿಟ್ಟೆ. ಈ ಮೂರು ವರ್ಷವೂ ನೀನು ಹೀಗೆ ತಿಳಿದುಕೊಂಡೇ ಅವಳಿಗೆ ಜಡೆ ಹಾಕಿದೆಯಾ? ಪ್ರತಿ ಭಾನುವಾರ ಫೋನಿನ ಮುಂದೆ ಅವಳನ್ನು ಕೂರಿಸಿ "ನಿಮ್ಮವ್ವನ್ನ ಮಾತಾಡ್ಸು" ಎನ್ನುತ್ತಿದ್ದೆಯಲ್ಲ, ಆಗ ಮನಸ್ಸಿನಲ್ಲಿ ಏನಿಟ್ಟುಕೊಂಡಿದ್ದೆ? ದೂರದ ನೆಂಟಳನ್ನು ಮಾತಾಡಿಸಿದಂತೆಯೇ?

ಆ ಮಾತು ನಾನು ಆಡಿದ್ದು ನಿಜ. ನೀನೇ ಇನ್ನು ಇವಳಿಗೆ ದಿಕ್ಕು, ಕಣ್ಣಿಟ್ಟು ಕಾಯಿ ಎಂಬ ಅರ್ಥದಲ್ಲಿ ಆಡಿದೆ. ಗಾಡಿ ಹೊರಡುವ ಹೊತ್ತಿನಲ್ಲಿ ಬಾಯಿಗೆ ಬರುವುದು ನಮ್ಮವ್ವ ಆಡುತ್ತಿದ್ದ ಮಾತೇ ಹೊರತು ಕಾಯಿದೆಯ ಮಾತಲ್ಲ. ಮದುವೆಯಲ್ಲಿ ಹೆಣ್ಣೊಪ್ಪಿಸುವಾಗ ಬೀಗತಿಗೆ ಎಲ್ಲರೂ ಹೇಳುವುದಿಲ್ಲವೇ, ನಿಮ್ಮ ಉಡಿಗೆ ಹಾಕಿದ್ದೇವೆ ಎಂದು? ಹಾಗೆಂದರೆ ನೋಡಿಕೊಳ್ಳಿ ಎಂದು ತಾನೇ?

ನಿನಗೆ ಮಕ್ಕಳಾಗಲಿಲ್ಲ ಎಂಬ ದುಃಖ ನನ್ನದೂ ಹೌದು. ಅದನ್ನು ನನ್ನ ಮಗಳನ್ನು ಕೊಟ್ಟು ತೀರಿಸಲು ನನ್ನಿಂದ ಆಗುವುದಿಲ್ಲ. ನಾನು ಬರುತ್ತಿದ್ದೇನೆ. ಮೇ ಹದಿನಾರಕ್ಕೆ ಮನೆಯಲ್ಲಿರುತ್ತೇನೆ. ಅವಳ ಮುಂದೆ ಜಗಳ ಬೇಡ, ಅಷ್ಟು ಮಾತ್ರ ಕೇಳಿಕೊಳ್ಳುತ್ತೇನೆ.

ಪಂಪಾವತಿ


ಚಿತ್ತವಾಡ್ಗಿ
8 ಮೇ 2024

ಪಂಪಾವತಿಗೆ,

ಹೆಣ್ಣೊಪ್ಪಿಸಿದವರು ಮೂರು ವರ್ಷ ಬಿಟ್ಟು ಬಂದು, ನೋಡಿಕೊಂಡದ್ದು ಸಾಕು, ನಮ್ಮ ಹುಡುಗಿಯನ್ನು ಕಳಿಸಿ ಎಂದು ಕೇಳಿದ್ದನ್ನು ನೀನು ಯಾವ ಮದುವೆಯಲ್ಲಿ ನೋಡಿದೆ?

ಹೇಮಾವತಿ


ಚಿತ್ತವಾಡ್ಗಿ
30 ಜೂನ್ 2024

ಪಂಪಾ,

ನೀನು ಹೋದ ಮೇಲೆ ಬರೆಯಲೋ ಬೇಡವೋ ಎಂದು ಭಾಳ ದಿನ ಓಲಾಡಿದೆ. ಫೋನಿನಲ್ಲಿ ಇಬ್ಬರೂ ಹವಾಮಾನದ ಸುದ್ದಿ ಓದಿದಂತೆ ಮಾತಾಡುತ್ತಿದ್ದೇವೆ, ಅದನ್ನು ನನಗೆ ಸಹಿಸಲಾಗುತ್ತಿಲ್ಲ.

ನೀನು ಇಲ್ಲಿದ್ದ ಅಷ್ಟು ದಿನ ನಾವು ಮಾತಾಡಿದ್ದಕ್ಕಿಂತ ಪಾತ್ರೆಗಳು ಸದ್ದು ಮಾಡಿದ್ದೇ ಹೆಚ್ಚು. ಭುವನಾಳ ಮುಂದೆ ಜಗಳ ಬೇಡ ಎಂದಿದ್ದೆ, ಸರಿ, ಅವಳ ಮುಂದೆ ನಕ್ಕು ನಕ್ಕು ದವಡೆ ನೋವು ಬಂತು. ಹಂಪಿಗೆ ಹೋದ ದಿನ ನೆನಪಿದೆಯಲ್ಲ. ಬಜಾರಿನ ಕಲ್ಲುಮಂಟಪದ ನೆರಳಲ್ಲಿ ಎಳನೀರು ಕುಡಿಯುತ್ತಿದ್ದ ಆ ಜರ್ಮನಿಯ ಮುದುಕ ನಿನ್ನ ಬಾಯಲ್ಲಿ ತನ್ನ ಭಾಷೆ ಕೇಳಿ ಅಷ್ಟು ಹೊತ್ತು ಮಾತಾಡಿದ, ಕಣ್ಣು ಒರೆಸಿಕೊಂಡ, ಸುತ್ತಲೂ ಕೈ ತೋರಿಸಿದ. ಏನಂತೆ ಎಂದು ನಾನು ಕೇಳಿದರೆ ನೀನು, "ಬಿಸಲು ಭಾಳ ಐತಂತ" ಅಂದೆ. ಹತ್ತೊಂಬತ್ತು ವರ್ಷದಿಂದ ಮಕ್ಕಳಿಗೆ ಪಾಠ ಮಾಡುತ್ತಿದ್ದೇನೆ ತಂಗೀ. ಉದ್ದದ ಉತ್ತರವನ್ನು ಮಕ್ಕಳು ಯಾವಾಗ ಗಿಡ್ಡ ಮಾಡುತ್ತಾರೆ ಎಂಬುದು ನನಗೆ ಗೊತ್ತು. ಈ ಊರು ಚೆಂದ, ಇಲ್ಲೇ ಇರಬೇಕು ಅನಿಸುತ್ತದೆ ಎಂದಿರಬೇಕು ಅವನು. ನೀನು ಹೇಳಲಿಲ್ಲ. ನಾನಾಗಿದ್ದರೂ ಹೇಳುತ್ತಿರಲಿಲ್ಲ ಬಿಡು.

ಕಂಪ್ಲಿಗೆ ಅವ್ವನ ಹತ್ತಿರ ಪಂಚಾಯ್ತಿಗೆ ಹೋದೆವಲ್ಲ, ಉಡಿಗೆ ಹಾಕುವುದೆಂದರೆ ಕೊಡುವುದೋ, ಕಾಯಲು ಬಿಡುವುದೋ ಹೇಳು ಎಂದು. ಇಬ್ಬರು ಹೆಣ್ಣುಮಕ್ಕಳು ಓದಿ ನೌಕರಿ ಹಿಡಿದು ಒಂದು ಮಾತಿನ ಅರ್ಥ ಕೇಳಲು ಓದು ಬಾರದ ಮುದುಕಿಯ ಮುಂದೆ ಕೂತಿದ್ದೆವು. ಅವ್ವ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಲಿಲ್ಲ. "ಹಾಕಿದಾಕಿನೂ ಹೆತ್ತಾಕಿ ಅಲ್ಲ ಅನ್ನಂಗಿಲ್ಲ, ಹಾಕಿಸ್ಕೊಂಡಾಕಿನೂ ತಾಯಿ ಅಲ್ಲ ಅನ್ನಂಗಿಲ್ಲ. ನನ್ನ ಕೇಳಾಕ ಬಸ್ ಹತ್ತಿ ಬಂದೀರಿ. ಅದನ್ನ ಕೇಳೀರೇನು?" ಅಂದಳು. ಅದು ಅಂದರೆ ಭುವನಾ. ಅವಳು ಹೊರಗೆ ಬೇವಿನ ಗಿಡದ ಕೆಳಗೆ ಕುಂಟೆಬಿಲ್ಲೆ ಆಡುತ್ತಿದ್ದಳು. ನೀನು ನನ್ನ ಮುಖ ನೋಡಿದೆ, ನಾನು ನಿನ್ನ ಮುಖ ನೋಡಿದೆ. ಇಬ್ಬರೂ ಏಳಲಿಲ್ಲ. ಆಮೇಲೆ ನೀನು ಬಳ್ಳಾರಿಗೆ ಹೋಗಿ ಅವಳ ಪಾಸ್‌ಪೋರ್ಟಿಗೆ ಅರ್ಜಿ ಕೊಟ್ಟು ಬಂದೆ, ಅವಳನ್ನು ಮಾತ್ರ ಕೇಳದೆಯೇ ಹೋದೆ. ಹೆದರಿಕೆ ನನಗೊಬ್ಬಳಿಗೇ ಅಲ್ಲ ಎಂದು ಆಗ ಸಮಾಧಾನವಾಯಿತು.

ನೀನು ಹೊರಡುವಾಗ ನಾನು ಉಡಿ ತುಂಬಿದೆ. ಅಕ್ಕಿ, ಕೊಬ್ಬರಿ, ಉತ್ತುತ್ತಿ, ಕುಪ್ಪಸದ ಬಟ್ಟೆ ಎಲ್ಲಾ ಇಟ್ಟು, ಹಣೆಗೆ ಕುಂಕುಮ ಹಚ್ಚಿಯೇ ತುಂಬಿದೆ. ಗಂಡ ಇಲ್ಲದಾಕೆಗೆ ಉಡಿ ತುಂಬಿದಳು ಟೀಚರ್ ಎಂದು ಓಣಿಯಲ್ಲಿ ಎರಡು ದಿನ ಮಾತಾಯಿತು. ಆಡಲಿ. ನೀನು ಬರೆದ ಆ ತಟ್ಟೆಯ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತ್ತು. ಅಂಥ ಎಷ್ಟೋ ಸೀಮಂತಗಳಲ್ಲಿ ನಿನ್ನ ಪಕ್ಕ ಕೂತವಳು ನಾನೇ ತಾನೇ.

ಈಗ ಬರೆಯಬೇಕಾದದ್ದು ಬರೆಯುತ್ತೇನೆ. ಮೊನ್ನೆ ನಾನೇ ಭುವನಾಳನ್ನು ಕೇಳಿದೆ. ತಲೆಗೆ ಎಣ್ಣೆ ಹಚ್ಚುತ್ತಾ, ನನಗೆ ಅನುಕೂಲವಾಗುವ ಹಾಗೆಯೇ ಕೇಳಿದೆ, ಸುಳ್ಳು ಯಾಕೆ ಹೇಳಲಿ. ಅಲ್ಲಿ ಚಳಿ, ಕತ್ತಲೆ, ನಿನ್ನ ಗೆಳತಿಯರು ಯಾರೂ ಇಲ್ಲ, ಭಾಷೆ ಬಾರದು. ಇಲ್ಲಿ ಎಲ್ಲಾ ಇದೆ. ನಿಮ್ಮವ್ವನ ಹತ್ತಿರ ಹೋಗುತ್ತೀಯೋ, ಇಲ್ಲೇ ಇರುತ್ತೀಯೋ ಅಂದೆ. ಯೋಚನೆ ಕೂಡ ಮಾಡಲಿಲ್ಲ ಪಂಪಾ. ಅವಳು ಎಂದೋ ಯೋಚನೆ ಮಾಡಿ ಮುಗಿಸಿದ್ದಳು.

"ನಿನಗ ದೊಡ್ಡಪ್ಪ ಅದಾನ ದೊಡ್ಡವ್ವ. ಆಕಿ ಒಬ್ಬಾಕಿನ ಅದಾಳ" ಅಂದಳು.

ಇಷ್ಟೇ. ಗಾಳಿ ಇಲ್ಲ, ರಸ್ತೆ ಇಲ್ಲ, ರೊಟ್ಟಿ ಇಲ್ಲ. ನಾವಿಬ್ಬರು ಆರು ತಿಂಗಳು ಎರಡು ದೇಶಗಳನ್ನು ತಕ್ಕಡಿಯಲ್ಲಿಟ್ಟು ತೂಗಿದ್ದು ಅವಳಿಗೆ ಬೇಕಾಗಿಯೇ ಇರಲಿಲ್ಲ. ಎಣ್ಣೆ ಕೈಯಲ್ಲೇ ನಾನು ಬಚ್ಚಲಿಗೆ ಹೋಗಿ ಅತ್ತೆ. ನಿನ್ನ ಭಾವ ಬಾಗಿಲು ಬಡಿದು, "ಕಳ್ಸು. ಅದು ನಮಗಿಂತ ದೊಡ್ಡದಾಗೇತಿ" ಅಂದರು.

ಕಳಿಸುತ್ತೇನೆ. ಪಾಸ್‌ಪೋರ್ಟು ಬಂದ ಕೂಡಲೇ ತಿಳಿಸುತ್ತೇನೆ.

ಹೇಮಕ್ಕ


ಫುಲ್ಡಾ
18 ಆಗಸ್ಟ್ 2024

ಅಕ್ಕಾ,

ಡ್ಯಾಮಿನ ಗೇಟು ಕೊಚ್ಚಿಹೋದ ಸುದ್ದಿ ನೋಡಿ ಅಂದು ನಾನು ಫೋನ್ ಮಾಡಿದಾಗ ನೀನು ಊರೆಲ್ಲಾ ನೀರು ನೋಡಲು ಹೋಗಿದೆ, ನಾವೂ ಹೊರಟಿದ್ದೇವೆ ಎಂದೆ. ನಾನು ಇಲ್ಲಿ ನಡುಗುತ್ತಿದ್ದರೆ ಹಿಂದೆ ಭುವನಾ ಹೊಸ ಫ್ರಾಕು ಬೇಕೆಂದು ಅಳುತ್ತಿದ್ದಳು. ನಿಮ್ಮನ್ನು ಹೇಳಿ ಪ್ರಯೋಜನವಿಲ್ಲ.

ಅಕ್ಟೋಬರಿನಲ್ಲಿ ಲಿನ್ಸಿ ರಜೆ ಮುಗಿಸಿ ಬೆಂಗಳೂರಿನ ಮೇಲೆ ಬರುತ್ತಾಳೆ. ಅಷ್ಟರಲ್ಲಿ ವೀಸಾ ಆದರೆ ಭುವನಾಳನ್ನು ಅವಳ ಜೊತೆ ಕಳಿಸಬಹುದು. ನಾನು ಫ್ರಾಂಕ್‌ಫರ್ಟಿನಲ್ಲಿ ನಿಂತಿರುತ್ತೇನೆ.

ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ಸಂತೋಷಪಡಬೇಕು, ಪಡುತ್ತಿದ್ದೇನೆ. ಆದರೆ ಅವಳು ನನ್ನ ಮೇಲಿನ ಕನಿಕರಕ್ಕೆ ಬರುತ್ತಿದ್ದಾಳೆ. ಊರವರ ಅಯ್ಯೋದಿಂದ ತಪ್ಪಿಸಿಕೊಂಡು ಇಷ್ಟು ದೂರ ಬಂದೆ, ಈಗ ಹೊಟ್ಟೆಯಲ್ಲಿ ಹುಟ್ಟಿದ್ದೇ ಅಯ್ಯೋ ಎನ್ನುತ್ತಿದೆ. ಅವಳಿಗೆ ಇಲ್ಲಿ ಒಗ್ಗದಿದ್ದರೆ ಏನು ಮಾಡಲಿ ಎಂಬ ಭಯ ಈಗ ಶುರುವಾಗಿದೆ. ಇದುವರೆಗೆ ಇರಲಿಲ್ಲ. ಇದುವರೆಗೆ ನಿನ್ನ ಜೊತೆ ವಾದ ಮಾಡುವುದೇ ಆಗಿತ್ತು.

ನಿನ್ನ
ಪಂಪಾ


ಫುಲ್ಡಾ
24 ನವೆಂಬರ್ 2024

ಅಕ್ಕಾ,

ಭುವನಾ ಬಂದು ತಿಂಗಳ ಮೇಲಾಯಿತು. ಫೋನಿನಲ್ಲಿ ಅವಳು ನಗುತ್ತಾಳೆ. ನಿನ್ನ ಮುಖ ಪರದೆಯ ಮೇಲೆ ಬಂದ ಕೂಡಲೇ ಶಾಲೆ ಮಸ್ತ್ ಐತಿ, ಹಿಮ ಬೀಳ್ತೈತಿ ಎಂದು ಹೇಳುತ್ತಾಳೆ. ಇಟ್ಟ ಮೇಲೆ ಕಿಟಕಿಯ ಹತ್ತಿರ ಹೋಗಿ ಕೂರುತ್ತಾಳೆ. ಅದನ್ನು ನಿನಗೆ ಯಾರಾದರೂ ಹೇಳಬೇಕಲ್ಲ ಎಂದು ಬರೆಯುತ್ತಿದ್ದೇನೆ.

ನೀನು ಹೇಳಿದ್ದೆಲ್ಲಾ ನಿಜ. ಸಂಜೆ ನಾಲ್ಕೂವರೆಗೆ ಕತ್ತಲೆ. ಕಿಟಕಿಯ ಕೆಳಗೆ ಪಾರ್ಕಿದೆ, ಜೋಕಾಲಿ ಇದೆ, ಆಡುವ ಮಕ್ಕಳಿಲ್ಲ. ಶಾಲೆಯಲ್ಲಿ ಭಾಷೆ ಕಲಿಸುವ ಟೀಚರ್ ಒಳ್ಳೆಯವಳು. ಮಕ್ಕಳೂ ಕೆಟ್ಟವರಲ್ಲ, ಇವಳನ್ನು ಗೋಳು ಹೊಯ್ದುಕೊಳ್ಳುವುದಿಲ್ಲ, ಮಾತಾಡಿಸುವುದೂ ಇಲ್ಲ. ನಿಮ್ಮಲ್ಲಿ ಹೊಸ ಹುಡುಗಿ ಬಂದರೆ ಒಂದೇ ದಿನದಲ್ಲಿ ಅವಳ ಮನೆತನವೆಲ್ಲಾ ಕೇಳಿ ಮುಗಿಸುತ್ತಿದ್ದರು. ನನಗೆ ಆ ಪ್ರಶ್ನೆಗಳು ಬೇಡವಾಗಿದ್ದವು. ಈಗ ಯಾರಾದರೂ ನನ್ನ ಮಗಳನ್ನು ನಿಮ್ಮಪ್ಪ ಎಲ್ಲಿ ಎಂದಾದರೂ ಕೇಳಬಾರದೇ ಅನಿಸುತ್ತದೆ.

ಎದೆ ಸುಯ್ಯೆನ್ನುವುದು ನಿಂತಿದೆ. ಅದೊಂದು ಒಳ್ಳೆಯದು. ಆದರೆ ಕೇಳು. ಬಂದ ವಾರದಲ್ಲೇ ಒಂದು ಭಾನುವಾರ ಮನೆಯೊಳಗೆ ಸೀಮೆಸುಣ್ಣದ ಗೆರೆ ಎಳೆದು ಕುಂಟೆಬಿಲ್ಲೆ ಆಡಿದಳು. ಕೆಳಗಿನ ಮನೆಯ ಹೆಂಗಸು ಮೇಲೆ ಬಂದು, ಭಾನುವಾರ ಸದ್ದು ಮಾಡುವ ಪದ್ಧತಿ ಇಲ್ಲ ಎಂದು ನಗುನಗುತ್ತಲೇ ಹೇಳಿ ಹೋದಳು. ನಾನು ಭುವನಾಳಿಗೆ ಏನೂ ಅನ್ನಲಿಲ್ಲ. ಅಂದಿನಿಂದ ಅವಳು ಮನೆಯಲ್ಲಿ ತುದಿಗಾಲಿನಲ್ಲೇ ನಡೆಯುತ್ತಾಳೆ. ಭಾನುವಾರ ಮಾತ್ರವಲ್ಲ, ಎಲ್ಲಾ ದಿನ. ನಮ್ಮ ಮನೆಯಲ್ಲಿ ಮಗು ಇದೆ ಎಂದು ನನಗೇ ಗೊತ್ತಾಗುವುದಿಲ್ಲ. ಮೊನ್ನೆ ಆಸ್ಪತ್ರೆಯಿಂದ ಬಂದಾಗ ಅವಳು ನನ್ನ ಹಿಂದೆಯೇ ನಿಂತಿದ್ದಳು, ನಾನು ಬೆಚ್ಚಿಬಿದ್ದೆ.

ಜೋರಾಗಿ ನಡಿಯೇ ಎಂದು ಬೈದೆ. ಬೈದು ನಾನೇ ಅತ್ತೆ. ಅವಳು ನನ್ನ ಬೆನ್ನು ಸವರಿದಳು.

ಅಕ್ಕಾ, ನಾನು ತಪ್ಪು ಮಾಡಿದೆನೇ? ಅವಳನ್ನು ವಾಪಸು ಕಳಿಸಲೇ? ಅವಳನ್ನು ಕೇಳಿದರೆ ನನ್ನ ಮುಖ ನೋಡಿಯೇ ಉತ್ತರ ಹೇಳುತ್ತಾಳೆ. ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ನೀನು ಏನು ಹೇಳಿದರೆ ಅದು.

ನಿನ್ನ
ಪಂಪಾ


ಚಿತ್ತವಾಡ್ಗಿ
16 ಡಿಸೆಂಬರ್ 2024

ಪಂಪೀ,

ನಿನ್ನ ಕಾಗದ ಬಂದು ಮೂರು ದಿನವಾಯಿತು. ಮೊದಲ ದಿನ ಸಿಟ್ಟು ಬಂತು. ಎರಡನೆಯ ದಿನ ಅನ್ನ ಇಳಿಯಲಿಲ್ಲ. ಇವತ್ತು ಬರೆಯಲು ಕೂತಿದ್ದೇನೆ.

ಇನ್ನೊಮ್ಮೆ ಇಂಥ ಕಾಗದ ಬರೆದರೆ ಹಲ್ಲು ಮುರಿಯುತ್ತೇನೆ. ಎಂಥ ಊರದು ಎಂದು ಇಡೀ ವರ್ಷ ಹಳಿದವಳು ನಾನು. ಹಳಿಯುವ ಕೆಲಸ ನನ್ನದು, ಹೊಗಳುವ ಕೆಲಸ ನಿನ್ನದಾಗಿತ್ತು. ಕೂಸನ್ನು ಅಲ್ಲಿ ಇಟ್ಟುಕೊಂಡು ಈಗ ನೀನೂ ಹಳಿದರೆ ನಾನು ಯಾವ ಗೋಡೆಗೆ ಬೆನ್ನು ಕೊಡಲಿ?

ಕಳೆದ ವಾರ ಸ್ಟಾಫ್ ರೂಮಿನಲ್ಲಿ ಒಬ್ಬರು, "ಪಾಪ ರೀ, ಆ ಹುಡುಗಿ ಆ ಚಳಿ ದೇಶದಾಗ ಹೆಂಗ ಇರ್ತೈತೋ, ಅಲ್ಲಿ ಮಂದಿ ಮಾತೂ ಆಡಂಗಿಲ್ಲಂತ" ಅಂದರು. ಅವರಿಗೆ ಆ ಸುದ್ದಿ ಹೇಳಿದವಳು ನಾನೇ, ಹೋದ ವರ್ಷ. ನನಗೆ ಎಲ್ಲಿಂದ ಬಂತೋ ಅಷ್ಟು ರೋಷ. ನಿಮಗೆ ಯಾರು ಹೇಳಿದ್ದು ಎಂದು ಅವರ ಮೇಲೇ ಏರಿ ಹೋದೆ. ಅಲ್ಲಿಯ ಶಾಲೆಯಲ್ಲಿ ಮಕ್ಕಳಿಗೆ ಈಜು ಕಲಿಸುತ್ತಾರೆ ಅಂದೆ. ಗ್ರಂಥಾಲಯದಿಂದ ಮಕ್ಕಳೇ ಚೀಲ ತುಂಬ ಪುಸ್ತಕ ತರುತ್ತಾರೆ ಅಂದೆ. ಹಿಮದಲ್ಲಿ ಆಡಿ ಆಡಿ ನಮ್ಮ ಭುವನಾಳ ಗಲ್ಲ ಸೇಬಿನ ಹಾಗಾಗಿದೆ, ಅವಳಿಗೆ ನಾಲ್ಕು ಗೆಳತಿಯರು ಅಂದೆ. ಆ ನಾಲ್ಕೂ ಹುಡುಗಿಯರಿಗೆ ಹೆಸರು ಕೂಡ ಇಟ್ಟೆ. ಜರ್ಮನ್ ಹೆಸರು ನನಗೇನು ಗೊತ್ತು, ಟಿವಿಯಲ್ಲಿ ಕೇಳಿದ ಇಂಗ್ಲಿಷ್ ಹೆಸರೇ ಹೇಳಿದೆ. ಎಲ್ಲರೂ ನಂಬಿದರು. ಮನೆಗೆ ಬರುವ ಹೊತ್ತಿಗೆ ನಾನೂ ಅರ್ಧ ನಂಬಿದ್ದೆ.

ನಾನು ಟೀಚರ್ ಎಂದು ಎರಡು ಮಾತು ಹೇಳುತ್ತೇನೆ. ಹೊಸ ತರಗತಿಗೆ ಬಂದ ಮಗು ಆರು ತಿಂಗಳು ಬಾಯಿ ಬಿಡದಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಆಂಧ್ರದ ಗಡಿಯಿಂದ ಬಂದ ಕೂಲಿಯವರ ಮಕ್ಕಳು ಕನ್ನಡ ಬಾರದೆ ಮೂಲೆಯಲ್ಲಿ ಕೂತಿರುತ್ತವೆ, ಒಂದು ದಿನ ಇದ್ದಕ್ಕಿದ್ದಂತೆ ಪಕ್ಕದವನ ಮೇಲೆ ಚಾಡಿ ಹೇಳುತ್ತವೆ. ಅಂದಿಗೆ ನಾನು ನಿಶ್ಚಿಂತೆ. ಭುವನಾ ಅಲ್ಲಿ ಯಾರ ಮೇಲಾದರೂ ಚಾಡಿ ಹೇಳುವ ದಿನ ನನಗೆ ತಿಳಿಸು. ಅದುವರೆಗೆ ಅವಳನ್ನು ದಿನಾ ಹೊರಗೆ ಕರೆದೊಯ್ಯಿ, ಕತ್ತಲಾದರೂ ಸರಿ. ಕೆಳಗಿನ ಹೆಂಗಸಿಗೆ ಒಂದು ಡಬ್ಬಿ ಶೇಂಗಾ ಉಂಡೆ ಕೊಟ್ಟು, ದಿನಕ್ಕೆ ಒಂದು ಗಂಟೆ ಮಗಳು ಕುಣಿಯುತ್ತಾಳೆ, ಯಾವ ಗಂಟೆ ಆದೀತು ನೀವೇ ಹೇಳಿ ಎಂದು ಕೇಳು. ಜಗಳ ಆಡುವವರ ಜೊತೆ ಹೇಗಿರಬೇಕೆಂದು ನನ್ನಿಂದ ಕಲಿತವಳು ನೀನು, ನಗುವವರಿಗೆ ಯಾಕೆ ಹೆದರುತ್ತೀ?

ಇಲ್ಲಿಯ ಸುದ್ದಿ ಏನೂ ಇಲ್ಲ. ನಿನ್ನ ಭಾವ ಈಗ ಅಂಗಡಿಯನ್ನು ತಡವಾಗಿ ಮುಚ್ಚುತ್ತಾರೆ. ಮನೆಗೆ ಜಲ್ದಿ ಬಂದು ಮಾಡುವುದೇನಿದೆ ಎನ್ನುತ್ತಾರೆ. ರೊಟ್ಟಿ ತಟ್ಟುವಾಗ ಲೆಕ್ಕ ತಪ್ಪುತ್ತದೆ, ಉಳಿದದ್ದನ್ನು ಕೊಟ್ರಯ್ಯ ತಾತನಿಗೆ ಕೊಡುತ್ತೇನೆ. ಅವಳಿಲ್ಲದೆ ನನಗೆ ಭಾಳ ಕಷ್ಟವಾಗುತ್ತಿದೆ ಪಂಪಾ. ಇದನ್ನು ಒಂದೇ ಸಲ ಬರೆಯುತ್ತೇನೆ, ಮತ್ತೆ ಬರೆಯುವುದಿಲ್ಲ.

ಇನ್ನು ಮುಂದೆ ಆ ಊರಿನ ಒಳ್ಳೆಯದನ್ನು ಹುಡುಕಿ ಹುಡುಕಿ ಬರಿ. ಮರ ಚೆನ್ನಾಗಿದೆ ಎಂದು ಬರಿ, ಬಸ್ಸು ಹೊತ್ತಿಗೆ ಬರುತ್ತದೆ ಎಂದು ಬರಿ. ಒಂದಕ್ಕೂ ಎದುರಾಡುವುದಿಲ್ಲ. ಓಣಿಯಲ್ಲಿ ಎಲ್ಲರಿಗೂ ಓದಿ ಹೇಳುತ್ತೇನೆ.

ವಾಪಸು ಕಳಿಸಲೇ ಎಂದು ಮಾತ್ರ ನನ್ನನ್ನು ಇನ್ನೊಮ್ಮೆ ಕೇಳಬೇಡ. ಕೇಳಿದರೆ ನಾನು ಹೂಂ ಅಂದುಬಿಡುತ್ತೇನೆ.

ನಿನ್ನ ಅಕ್ಕ
ಹೇಮಾವತಿ